ಚಾಕು ತಾಗಿದ ಬೆಳ್ಳಿ

ಕೇಳುಗರಿಗೆ ನಮಸ್ಕಾರ.

ಸ್ವೀಡನ್ನಿನ ಪೂರ್ವಕ್ಕೆ, ಬಾಲ್ಟಿಕ್ ಸಮುದ್ರದಲ್ಲಿ ಗೋಟ್‌ಲ್ಯಾಂಡ್ ಅಂತ ಒಂದು ದ್ವೀಪವಿದೆ. 1999ರಲ್ಲಿ ಅಲ್ಲಿನ ಸ್ಪಿಲ್ಲಿಂಗ್ಸ್ ಎಂಬ ಜಮೀನಿನಲ್ಲಿ ಸುಮಾರು 67 ಕಿಲೋ ಬೆಳ್ಳಿ ಸಿಕ್ಕಿತು. ಕಡಗಗಳ ಜೊತೆಗೆ 14 ಸಾವಿರಕ್ಕೂ ಜಾಸ್ತಿ ನಾಣ್ಯ! 9ನೇ ಶತಮಾನದಲ್ಲಿ, ಉತ್ತರ ಯುರೋಪಿನ ಕಡಲ ದಾಳಿಕೋರರೂ ವ್ಯಾಪಾರಿಗಳೂ ಆದ ವೈಕಿಂಗರ ಕಾಲದವರು ಹೂತಿಟ್ಟದ್ದು. ಆದರೆ ನಾಣ್ಯಗಳ ಮೇಲಿದ್ದದ್ದು ಅರಬ್ಬಿ ಅಕ್ಷರ. ಹೆಚ್ಚೂಕಡಿಮೆ ಎಲ್ಲವೂ ದಿರ್ಹಮ್‌ಗಳು, ಅಂದರೆ ಇಸ್ಲಾಮಿಕ್ ನಾಡುಗಳ ಬೆಳ್ಳಿ ನಾಣ್ಯಗಳು.

ಇವು ಅಷ್ಟು ದೂರದಿಂದ ಬಂದದ್ದು ವ್ಯಾಪಾರದ ದಾರಿಯಲ್ಲಿ. ವೈಕಿಂಗರು ರಷ್ಯಾದ ನದಿಗಳುದ್ದಕ್ಕೂ ದೋಣಿ ನಡೆಸಿ, ತುಪ್ಪಳದ ಚರ್ಮ ಮಾರಿದರು. ಮನುಷ್ಯರನ್ನೂ ಮಾರಿದರು. ಆ ಬೆಳ್ಳಿಯ ಹೊಳಪು ನೋಡುವಾಗ ನನಗೆ ಆ ಗುಲಾಮರ ನೆನಪಾಗದೆ ಇರುವುದಿಲ್ಲ.

ಆಗ ಉತ್ತರದವರಿಗೆ ನಾಣ್ಯದ ಮೇಲಿನ ಬರಹ ಮುಖ್ಯವಾಗಿರಲಿಲ್ಲ. ತೂಕ ಮುಖ್ಯ. ವ್ಯಾಪಾರಿಯ ಸೊಂಟದಲ್ಲಿ ಪುಟ್ಟ ತಕ್ಕಡಿ ಇರುತ್ತಿತ್ತು. ಚಿಲ್ಲರೆ ಬೇಕಾದರೆ ನಾಣ್ಯವನ್ನೇ ಕತ್ತರಿಸುತ್ತಿದ್ದರು. ಬೆಳ್ಳಿ ಅಪ್ಪಟವೋ ಅಲ್ಲವೋ ಅಂತ ಚಾಕುವಿನಿಂದ ಕಚ್ಚು ಹಾಕಿ ನೋಡುತ್ತಿದ್ದರು. ನಮ್ಮ ಚಿನಿವಾರರು ಒರೆಗಲ್ಲಿಗೆ ತಿಕ್ಕಿ ನೋಡುತ್ತಿದ್ದರಲ್ವಾ, ಹಾಗೆ. ಆ ಕಚ್ಚುಗಳು ಇವತ್ತಿಗೂ ಕಾಣುತ್ತವೆ.

10ನೇ ಶತಮಾನದ ಕೊನೆಯ ಹೊತ್ತಿಗೆ ಪೂರ್ವದ ಬೆಳ್ಳಿ ಬತ್ತಿತು. ಪಶ್ಚಿಮದಿಂದ ಹರಿದು ಬರತೊಡಗಿತು. ದಾಳಿ ನಿಲ್ಲಿಸಿ ಅಂತ ಇಂಗ್ಲೆಂಡಿನ ರಾಜ ಎಥೆಲ್‌ರೆಡ್ ವೈಕಿಂಗರಿಗೆ 991ರಲ್ಲಿ 10,000 ಪೌಂಡ್ ಬೆಳ್ಳಿ ಕೊಟ್ಟ. ಮುಂದೆ ಇನ್ನೂ ಕೊಡುತ್ತಾ ಹೋದ. ಪೆನ್ನಿ ಎಂಬ ಇಂಗ್ಲೆಂಡಿನ ಬೆಳ್ಳಿ ನಾಣ್ಯಗಳನ್ನೇ ಮಾದರಿ ಮಾಡಿಕೊಂಡು ಸುಮಾರು 995ರಲ್ಲಿ ಡೆನ್ಮಾರ್ಕಿನ ಸ್ವೆನ್, ನಾರ್ವೆಯ ಓಲಾಫ್, ಸ್ವೀಡನ್ನಿನ ಓಲೋಫ್ ತಮ್ಮ ತಮ್ಮ ಹೆಸರಿನ ನಾಣ್ಯ ಅಚ್ಚು ಹಾಕಿಸಿದರು. ಸೋಜಿಗ ನೋಡಿ, ಮೂರೂ ನಾಡಿನ ನಾಣ್ಯಗಳ ಮೇಲೆ ಗಾಡ್ವಿನ್ ಎಂಬ ಇಂಗ್ಲಿಷ್ ಟಂಕಕಾರನ, ಅಂದರೆ ನಾಣ್ಯ ಅಚ್ಚು ಹಾಕುವವನ ಹೆಸರು ಸಿಗುತ್ತದೆ. ರಾಜನ ಮುಖ ಬಂತು. ನಂಬಿಕೆ ಮಾತ್ರ ಅಷ್ಟು ಬೇಗ ಬರಲಿಲ್ಲ.

1046ರಿಂದ 1066ರವರೆಗೆ ನಾರ್ವೆ ಆಳಿದ ಹೆರಾಲ್ಡ್ ಹಾರ್ಡ್ರಾಡ ಸ್ವಂತ ನಾಣ್ಯವನ್ನು ನಾಡಿನಲ್ಲೆಲ್ಲ ಚಲಾವಣೆಗೆ ತಂದ. ಆದರೆ ಅದಕ್ಕೆ ತಾಮ್ರ ಬೆರೆಸುತ್ತಾ ಹೋದ. ಕೊನೆಕೊನೆಗೆ ಬೆಳ್ಳಿ ಮೂರನೇ ಒಂದು ಪಾಲಿಗೆ ಇಳಿಯಿತು. ಐಸ್‌ಲ್ಯಾಂಡಿನ ಹಳೆಯ ಕಥೆಯೊಂದು ಇದನ್ನು ನೆನಪಿಟ್ಟುಕೊಂಡಿದೆ. ಹಾಲ್ಡೋರ್ ಎಂಬವನು ಹೆರಾಲ್ಡನ ಜೊತೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅಂದರೆ ಇಂದಿನ ಇಸ್ತಾಂಬುಲ್‌ನಲ್ಲಿ, ಸೇವೆ ಮಾಡಿದ ಹಳೆಯ ಬಂಟ. ಕ್ರಿಸ್‌ಮಸ್ ಹಬ್ಬದ ದಿನಗಳಲ್ಲಿ ರಾಜ ಸಂಬಳ ಹಂಚಿದ. ಬೇರೆಯವರು ತಮ್ಮ ಪಾಲು ಸುಮ್ನೆ ಇಟ್ಟುಕೊಂಡರು. ಹಾಲ್ಡೋರ್ ತನ್ನ ಮೇಲಂಗಿಯ ಸೆರಗಿನಲ್ಲಿ ಬಿದ್ದ ನಾಣ್ಯಗಳನ್ನು ಕಣ್ಣಿಟ್ಟು ನೋಡಿದ. ಆಮೇಲೆ ಕೈಯಿಂದ ಹೊಡೆದು ಅಷ್ಟನ್ನೂ ನೆಲಕ್ಕೆ ಹಾಸಿದ್ದ ಹುಲ್ಲಿಗೆ ಕೆಡವಿದ.