ಬಟ್ಟೆ ಅಂಗಡಿಯಿಂದ ಸೆನೆಟ್‌ವರೆಗೆ: ವಿಲಿಯಂ ಮ್ಯಾಕ್‌ಮಾಸ್ಟರ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಕೆಲವರ ಮಕ್ಕಳು ಇಲ್ಲೇ ಕೆನಡಾದ ಒಂಟಾರಿಯೊ ಪ್ರಾಂತ್ಯದ ಹ್ಯಾಮಿಲ್ಟನ್‌ನ ಮ್ಯಾಕ್‌ಮಾಸ್ಟರ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾರೆ. ಇನ್ನು ಕೆಲವರ ಜೇಬಿನಲ್ಲಿ ಸಿಐಬಿಸಿ ಬ್ಯಾಂಕಿನ ಕಾರ್ಡು ಇರುತ್ತದೆ. ಎರಡರ ಬೇರೂ ಒಬ್ಬರೇ ವ್ಯಾಪಾರಿಯ ಹತ್ತಿರ ಹೋಗಿ ಸೇರುತ್ತದೆ.

ವಿಲಿಯಂ ಮ್ಯಾಕ್‌ಮಾಸ್ಟರ್ ಹುಟ್ಟಿದ್ದು 1811ರಲ್ಲಿ, ಐರ್ಲೆಂಡಿನಲ್ಲಿ. 1833ರಲ್ಲಿ ಟೊರಾಂಟೊಗೆ ಬಂದು ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರಾದರು. ಮುಂದೆ ಅಂಗಡಿ ಅವರದೇ ಆಯಿತು. ಸಗಟು ಬಟ್ಟೆ ವ್ಯಾಪಾರ ಅಂದರೆ ಗೊತ್ತಲ್ವಾ, ಅರ್ಧ ಮಾಲು, ಅರ್ಧ ಸಾಲ.

ನಮ್ಮ ತಂದೆಯದೂ ಬಟ್ಟೆ ಅಂಗಡಿ. ಊರಿನ ಬಸ್ ಸ್ಟ್ಯಾಂಡ್ ಎದುರು. ಗಲ್ಲಾಪೆಟ್ಟಿಗೆ ಪಕ್ಕ ಕೆಂಪು ಬಟ್ಟೆಯ ರಟ್ಟಿನ ಉದ್ದನೆ ಪುಸ್ತಕ. 'ಶೇಂಗಾ ಮಾರಿ ಕೊಡ್ತೀನಿ' ಅಂತ ರೈತರು ಮದುವೆ ಸೀರೆ ಒಯ್ಯುತ್ತಿದ್ದರು, ಅಪ್ಪ ಬರೆದುಕೊಳ್ಳುತ್ತಿದ್ದರು. ಒಂದು ವರ್ಷ ಮಳೆ ಕೈಕೊಟ್ಟಿತು. ಅಪ್ಪ ನನ್ನನ್ನೂ ಕರೆದುಕೊಂಡು ಬ್ಯಾಂಕಿಗೆ ಹೋದರು. ಮ್ಯಾನೇಜರು ಒಳ್ಳೆಯವರು, ಕಾಫಿ ತರಿಸಿದರು. 'ಶೆಟ್ರೇ, ನೀವು ಎಂಥವರು ಅಂತ ನನಗೆ ಗೊತ್ತು. ಆದರೆ ಸಾಲ ಜಾಸ್ತಿ ಮಾಡೋದು ನನ್ನ ಕೈಲಿಲ್ಲ, ಮೇಲಿನಿಂದ ಬರಬೇಕು' ಅಂದರು. ಅದು ಬರಲೇ ಇಲ್ಲ. ಆ ಯುಗಾದಿಗೆ ಅಂಗಡಿಯಲ್ಲಿ ಒಂದೂ ಹೊಸ ಸೀರೆ ಇರಲಿಲ್ಲ. ಹಳೇ ಸೀರೆಗಳನ್ನೇ ಅಪ್ಪ ಕೊಡವಿ ಮಡಚಿ ಇಡುತ್ತಿದ್ದದ್ದು ಈಗಲೂ ಕಣ್ಣ ಮುಂದಿದೆ.

1860ರ ದಶಕದ ಟೊರಾಂಟೊ ವ್ಯಾಪಾರಿಗಳ ಪಾಡೂ ಅದೇ. ಬ್ಯಾಂಕ್ ಆಫ್ ಮಾಂಟ್ರಿಯಲ್ ಈ ಒಂಟಾರಿಯೊ ಕಡೆ ಸಾಲ ಬಿಗಿ ಮಾಡಿತು. 1866ರಲ್ಲಿ ಬ್ಯಾಂಕ್ ಆಫ್ ಅಪ್ಪರ್ ಕೆನಡಾ ಮುಳುಗಿತು. ಗೋಧಿ ಬೆಳೆಯುವುದು ಇಲ್ಲಿ, ತೀರ್ಮಾನ ಆಗುವುದು ಮಾಂಟ್ರಿಯಲ್‌ನಲ್ಲಿ. ಮ್ಯಾಕ್‌ಮಾಸ್ಟರ್ ಆ ಮಾಂಟ್ರಿಯಲ್ ಬ್ಯಾಂಕಿನ ನಿರ್ದೇಶಕರೇ ಆಗಿದ್ದವರು. ಹೊರಬಂದು 1867ರ ಮೇನಲ್ಲಿ ಕೆನೇಡಿಯನ್ ಬ್ಯಾಂಕ್ ಆಫ್ ಕಾಮರ್ಸ್ ತೆರೆದರು. ಇವತ್ತಿನ ಸಿಐಬಿಸಿಯ ಬೇರು ಅದೇ.

ಅದೇ ವರ್ಷ ಸೆನೆಟರ್ ಆದರು, ಅಂದರೆ ಕೆನಡಾ ಸಂಸತ್ತಿನ ಮೇಲ್ಮನೆಯ ಸದಸ್ಯ. ಅದಕ್ಕೂ ಮೊದಲು, 1862ರಲ್ಲಿ, ಒಕ್ಕೂಟ ಆಗುವ ಮುಂಚಿನ ಕೆನಡಾ ಪ್ರಾಂತ್ಯದ ಮೇಲ್ಮನೆಗೆ ಚುನಾವಣೆಯಲ್ಲಿ ಗೆದ್ದಿದ್ದರು. ಸೆನೆಟ್‌ನಲ್ಲಿ ಒಂಟಾರಿಯೊಗೆ 24 ಸ್ಥಾನ. ನೇಮಕ ಆದರೆ ಆಗ ಜೀವನಪೂರ್ತಿ. ಅಂಥ ಕುರ್ಚಿಯಲ್ಲಿ ಸುಮ್ನೆ ಕೂತಿರಬಹುದಿತ್ತು. 1869ರಲ್ಲಿ ಹಣಕಾಸು ಮಂತ್ರಿ ಜಾನ್ ರೋಸ್ ತಂದ ಬ್ಯಾಂಕಿಂಗ್ ಪ್ರಸ್ತಾವ ಮಾಂಟ್ರಿಯಲ್‌ಗೆ ಅನುಕೂಲ ಅಂತ ಒಂಟಾರಿಯೊ ಬ್ಯಾಂಕುಗಳು ತಿರುಗಿಬಿದ್ದವು. ಮುಂದೆ ನಿಂತವರಲ್ಲಿ ಇವರೂ ಒಬ್ಬರು. ಪ್ರಸ್ತಾವ ವಾಪಸಾಯಿತು.

ತಮ್ಮ ಬ್ಯಾಂಕಿಗಾಗಿ ಹೋರಾಡಿದರು, ಅಷ್ಟೇ ತಾನೇ ಅಂತ ಕೇಳಬಹುದು. ಹೌದು, ಲಾಭ ಅವರಿಗೂ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಗೋಧಿ ಬೆಳೆದವನಿಗೂ ಇತ್ತು. ಸಾಲದ ತೀರ್ಮಾನ ಎಲ್ಲಿ ಆಗುತ್ತದೆ ಅನ್ನುವುದೇ ರಾಜಕೀಯ. ನಮ್ಮ ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ, ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಆಗ ನನಗೆ ನೆನಪಾದದ್ದು ಅಪ್ಪನ ಮುಂದಿದ್ದ ಆ ಕಾಫಿ ಲೋಟ.

ಚೀಟಿ ಬಂತು, ಐದೇ ನಿಮಿಷ ಉಳಿದಿದೆಯಂತೆ. ಬ್ಯಾಪ್ಟಿಸ್ಟ್ ಚರ್ಚಿನ ವಿಷಯ, ರೈಲ್ವೆ ವಿಷಯ ಬಿಡುತ್ತೇನೆ. ಒಂದು ಮಾತ್ರ ಹೇಳಿಬಿಡುತ್ತೇನೆ. ಅವರಿಗೆ ಮಕ್ಕಳಿರಲಿಲ್ಲ. 1887ರಲ್ಲಿ ತೀರಿಕೊಂಡಾಗ ಆಸ್ತಿಯ ಬಹುಪಾಲು ಅವರ ಹೆಸರಿನ ಯೂನಿವರ್ಸಿಟಿಗೆ ಹೋಯಿತು. ಟೊರಾಂಟೊದ ಬ್ಲೂರ್ ಸ್ಟ್ರೀಟಿನಲ್ಲಿ ಅವರು ಕಟ್ಟಿಸಿದ ಕೆಂಪು ಇಟ್ಟಿಗೆಯ ಕಾಲೇಜು ಇದೆಯಲ್ಲ, ಈಗ ಅಲ್ಲಿ ಸಂಗೀತ ಕಲಿಸುತ್ತಾರೆ. ಹೆಂಡತಿ ಸೂಸನ್ ತಾವಿದ್ದ ಮನೆಯನ್ನೇ ಬಿಟ್ಟುಕೊಟ್ಟರು. 1888ರಲ್ಲಿ ಅಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು.