ದೋಣಿಗೆ ಬ್ಯಾಟರಿ: ಮೊದಲು ಜಾಯಿಂಟ್ ನೋಡಿ

ಕೇಳುಗರಿಗೆ ನಮಸ್ಕಾರ. ಯಗಚಿ, ಹೇಮಾವತಿ ಹಿನ್ನೀರಿನಲ್ಲಿ ದೋಣಿ ಬಿಡುವವರು, ಮೂಡಿಗೆರೆ ಕಡೆ ಹೋಂಸ್ಟೇ ಕೆರೆಯಲ್ಲಿ ಅತಿಥಿಗಳನ್ನು ಸುತ್ತಾಡಿಸುವವರು ಸ್ವಲ್ಪ ರೇಡಿಯೊ ಹತ್ತಿರ ಬನ್ನಿ. ಪೆಟ್ರೋಲ್ ಇಂಜಿನ್ ತೆಗೆದು ಕರೆಂಟ್ ಮೋಟಾರ್ ಹಾಕೋಣ ಅಂದ ಕೂಡಲೇ ಎಲ್ಲರೂ ಕೇಳುವುದು, 'ಯಾವ ಬ್ಯಾಟರಿ ಒಳ್ಳೇದು?' ನನ್ನ ಉತ್ತರ ಒಂದೇ: ಮೊದಲು ಜಾಯಿಂಟ್ ನೋಡಿ, ಅಂದರೆ ಬ್ಯಾಟರಿ, ಫ್ಯೂಸು, ಮೋಟಾರಿಗೆ ತಂತಿ ಸೇರುವ ಜಾಗ.

ಇದೇನು ಹೊಸ ವಿದ್ಯೆ ಅಂದುಕೊಳ್ಳಬೇಡಿ. 1881ರಲ್ಲಿ ಪ್ಯಾರಿಸ್ಸಿನ ಗುಸ್ತಾವ್ ತ್ರೂವೆ ಎಂಬಾತ ಸೆನ್ ನದಿಯಲ್ಲಿ ಬ್ಯಾಟರಿ ದೋಣಿ ಓಡಿಸಿದ. ಮೋಟಾರನ್ನು ಕೂರಿಸಿದ್ದು ಚುಕ್ಕಾಣಿಯ ತಲೆಯ ಮೇಲೆ. ಬೇಕಾದಾಗ ಬಿಚ್ಚಿ ಕೈಯಲ್ಲಿ ಎತ್ತಿಕೊಂಡು ಹೋಗಬಹುದಿತ್ತು. ಅಂದರೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಮೋಟಾರ್ ಹುಟ್ಟಿದ್ದೇ ಕರೆಂಟಿನಲ್ಲಿ, ಪೆಟ್ರೋಲ್ ಬಂದದ್ದು ಆಮೇಲೆ. ಇನ್ನೊಂದು ಸ್ವಾರಸ್ಯ ಕೇಳಿ. ಚುಕ್ಕಾಣಿ ತಿರುಗಿಸಲು ಎಳೆಯುವ ಎರಡು ಹಗ್ಗಗಳ ಒಳಗೇ ಆತ ತಂತಿ ಹಾಯಿಸಿದ್ದ. ಹಗ್ಗ ಎಳೆದಾಗಲೆಲ್ಲ ತಂತಿಯೂ ಎಳೆದಾಡುತ್ತದೆ. ಅಂಥ ಕಡೆ ಜಾಯಿಂಟ್ ಎಷ್ಟು ಭದ್ರವಾಗಿರಬೇಕು, ನೀವೇ ಹೇಳಿ!

ಈಗ ನಿಮ್ಮ ದೋಣಿಗೆ ಬರೋಣ. 48 ವೋಲ್ಟಿನ 3 ಕಿಲೋವ್ಯಾಟ್ ಮೋಟಾರ್ ಪೂರ್ತಿ ಓಡುವಾಗ ಸುಮಾರು 60 ಆಂಪಿಯರ್ ಎಳೆಯುತ್ತದೆ. ಒಂದು ಬೋಲ್ಟ್ ಸಡಿಲಾಗಿ ಅಲ್ಲಿ ಓಮಿನ ನೂರರಲ್ಲೊಂದು ಪಾಲು ತಡೆ ಬಂತು ಅನ್ನಿ. 60 ಇಂಟು 60, ಭಾಗಿಸು ನೂರು: 36 ವ್ಯಾಟ್. ರೇಡಿಯೊ ರಿಪೇರಿಯವರ ಬೆಸುಗೆ ಕಡ್ಡಿಯ ಶಾಖ ಅದು! ಅದನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಒಂದು ಗಂಟೆ ದೋಣಿ ಬಿಟ್ಟಂತೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ಸುಟ್ಟದ್ದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ತಂತಿ 25 ಚದರ ಮಿಲಿಮೀಟರಿನದು, ಕಲಾಯಿ ಹಾಕಿದ ತಾಮ್ರದ್ದೇ ಇರಲಿ. ಬರೀ ತಾಮ್ರಕ್ಕೆ ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ, ಅದೂ ಹೊದಿಕೆಯ ಒಳಗೆ, ಕಾಣದ ಹಾಗೆ. ತಂತಿಯ ತುದಿಗೆ ಹಾಕುವ ಬೋಲ್ಟ್ ತೂತಿನ ಲಗ್ಗನ್ನು ಹೈಡ್ರಾಲಿಕ್ ಕ್ರಿಂಪರ್ ಎಂಬ ಒತ್ತುವ ಉಪಕರಣದಿಂದ ಒತ್ತಿಸಿ, ಸುತ್ತಿಗೆಯಲ್ಲಿ ಬಡಿಯಬೇಡಿ. ಮೇಲೆ ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಬಿಗಿದುಕೊಳ್ಳುವ ಹೀಟ್‌ಶ್ರಿಂಕ್ ಕೊಳವೆ ಹಾಕಿಸಿ. ಫ್ಯೂಸು ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಇರಬೇಕು. 100 ಆಂಪಿಯರಿನ 'ಕ್ಲಾಸ್ ಟಿ' ಎಂಬ ಜಾತಿಯ ಫ್ಯೂಸು ಕೇಳಿ. ಕಾರಿನ ಫ್ಯೂಸು ಬೇಡ, ಅದು 32 ವೋಲ್ಟಿಗೆ ಮಾಡಿದ್ದು.

ಆಮೇಲೆ ಪರೀಕ್ಷೆ. ದೋಣಿಯನ್ನು ಹದಿನೈದು ನಿಮಿಷ ಪೂರ್ತಿ ವೇಗದಲ್ಲಿ ಓಡಿಸಿ, ಶಾಖ ನೋಡುವ ಗನ್ನನ್ನು ಒಂದೊಂದೇ ಜಾಯಿಂಟಿಗೆ ಹಿಡಿಯಿರಿ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿದದ್ದಲ್ಲ, ವರ್ಕ್‌ಶಾಪಿನದು. ಒಂದು ಜಾಯಿಂಟ್ ಪಕ್ಕದ್ದಕ್ಕಿಂತ ಹತ್ತು ಡಿಗ್ರಿ ಹೆಚ್ಚು ಬಿಸಿ ಕಂಡರೆ ಮೇನ್ ಸ್ವಿಚ್ ಆರಿಸಿ, ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯಿರಿ. ಅಲುಗಾಟಕ್ಕೆ ಬೋಲ್ಟ್ ಸಡಿಲಾಗುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ಜಾಯಿಂಟ್ ನೋಡಲೇಬೇಕು.

ಅಯ್ಯೋ, ಸಮಯ ಆಗಿಹೋಯಿತು. ಬ್ಯಾಟರಿ ಬಗ್ಗೆ ಎರಡೇ ಮಾತು. ಲಿಥಿಯಂ ಐರನ್ ಫಾಸ್ಫೇಟ್, 16 ಸೆಲ್, 100 ಆಂಪಿಯರ್ ಅವರ್ ತಗೊಂಡರೆ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 5 ಯೂನಿಟ್; ಬಳಸುವುದು 4 ಎಂದಿಟ್ಟುಕೊಳ್ಳಿ. ನಿಧಾನ ಹೋಗಿ, ವೇಗ ಅರ್ಧಕ್ಕಿಳಿದರೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಚಾರ್ಜು ತಳ ಮುಟ್ಟಿದರೆ ಒಳಗಿನ ಬಿಎಂಎಸ್, ಅಂದರೆ ಬ್ಯಾಟರಿ ಕಾಯುವ ಸರ್ಕ್ಯೂಟ್, ಮುನ್ಸೂಚನೆ ಇಲ್ಲದೆ ಕರೆಂಟ್ ಕಡಿಯುತ್ತದೆ, ಕೆರೆಯ ನಡುವೆಯೇ. ಎರಡು ಹುಟ್ಟು ದೋಣಿಯಲ್ಲೇ ಇರಲಿ, ಶೆಡ್ಡಿನಲ್ಲಲ್ಲ.