ಉತ್ತರ ಕಿರೀಟದಲ್ಲಿ ಒಂದು ನಕ್ಷತ್ರ ಹೆಚ್ಚಾದಾಗ

[ದೃಶ್ಯ: ವಿಜಯಪುರದ ಒಂದು ಮನೆಯ ಮಾಳಿಗೆ. ದೂರದಲ್ಲಿ ಗೋಳಗುಮ್ಮಟ.]

ನಮಸ್ಕಾರ. ‘ಹೊಸ ನಕ್ಷತ್ರ ಕಾಣಲಿದೆ’ ಎಂಬ ಸುದ್ದಿ 2024ರಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ವರ್ಷ ಮುಗಿಯಿತು, ನಕ್ಷತ್ರ ಬರಲಿಲ್ಲ. ಸುದ್ದಿ ಸುಳ್ಳಲ್ಲ, ಅವಸರದ್ದು. ಉತ್ತರ ಕಿರೀಟ ನಕ್ಷತ್ರಪುಂಜದಲ್ಲಿರುವ ಆ ನಕ್ಷತ್ರದ ಹೆಸರು ಟಿ ಕೊರೋನೆ ಬೊರಿಯಾಲಿಸ್. ಅದು 1866ರಲ್ಲಿ ಸಿಡಿದಿತ್ತು, ಮತ್ತೆ 1946ರಲ್ಲಿ. ಖಚಿತವಾದ ದಾಖಲೆ ಈ ಎರಡೇ. ಇಷ್ಟನ್ನೇ ಹಿಡಿದುಕೊಂಡು ತಾರೀಖು ಹೇಳುವವರನ್ನು ನಂಬಬೇಡಿ.

[ದೃಶ್ಯ: ಜೋಡಿ ನಕ್ಷತ್ರದ ಚಿತ್ರ]

ಅಲ್ಲಿರುವುದು ಎರಡು ನಕ್ಷತ್ರ. ಒಂದು ಉಬ್ಬಿದ ಕೆಂಪು ದೈತ್ಯ. ಇನ್ನೊಂದು ಶ್ವೇತ ಕುಬ್ಜ, ಅಂದರೆ ಉರಿದು ಮುಗಿದ ನಕ್ಷತ್ರದ ಉಳಿದ ತಿರುಳು. ಗಾತ್ರದಲ್ಲಿ ಭೂಮಿಯಷ್ಟು, ದ್ರವ್ಯರಾಶಿಯಲ್ಲಿ ಸೂರ್ಯನಿಗಿಂತ ಹೆಚ್ಚು. ಸುಮಾರು 227 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಕುಬ್ಜವು ದೈತ್ಯನಿಂದ ಹೈಡ್ರೋಜನ್ ಸೆಳೆದು ಮೈಮೇಲೆ ಪೇರಿಸಿಕೊಳ್ಳುತ್ತದೆ. ಒತ್ತಡಕ್ಕೆ ಕಾದ ಆ ಪದರದಲ್ಲಿ ಒಂದು ದಿನ ಬೈಜಿಕ ಸಮ್ಮಿಲನ ಹೊತ್ತಿಕೊಳ್ಳುತ್ತದೆ. ಸಿಡಿಯುವುದು ಪದರ ಮಾತ್ರ, ನಕ್ಷತ್ರ ಉಳಿಯುತ್ತದೆ, ಮತ್ತೆ ಪೇರಿಸತೊಡಗುತ್ತದೆ. ಇದನ್ನು ಸೂಪರ್‌ನೋವಾ, ಅಂದರೆ ನಕ್ಷತ್ರವೇ ಸಿಡಿದುಹೋಗುವ ಸ್ಫೋಟ ಎನ್ನುವವರು ಎಡವುವುದು ಇಲ್ಲಿಯೇ. ಇದು ಮರುಕಳಿಸುವ ನೋವಾ.

ದೂರ ಸುಮಾರು 3,000 ಜ್ಯೋತಿರ್ವರ್ಷ, ಅಂದರೆ ಬೆಳಕಿಗೆ ಅಷ್ಟು ವರ್ಷಗಳ ದಾರಿ. 578ರಲ್ಲಿ ಬಾದಾಮಿಯ ಮೂರನೆಯ ಗುಹೆಯ ಶಾಸನ ಕೆತ್ತುವಾಗ, ನಾವು ಕಾಯುತ್ತಿರುವ ಬೆಳಕು ಹೆಚ್ಚುಕಡಿಮೆ ಅರ್ಧ ದಾರಿಯಲ್ಲಿತ್ತು.

[ದೃಶ್ಯ: ಆಕಾಶದ ನಕ್ಷೆ]

ಈಗ ಮುಖ್ಯ ಕೆಲಸ. ಆ ಜಾಗ ಮೊದಲೇ ಗೊತ್ತಿರದಿದ್ದರೆ ನಕ್ಷತ್ರ ಬಂದರೂ ನಿಮಗೆ ತಿಳಿಯುವುದಿಲ್ಲ. ಸಪ್ತರ್ಷಿ ಮಂಡಲದ ಬಾಲದ ಬಾಗನ್ನು ಮುಂದುವರಿಸಿದರೆ ಕಿತ್ತಳೆ ಬಣ್ಣದ ಸ್ವಾತಿ ಸಿಗುತ್ತದೆ. ಸ್ವಾತಿಯಿಂದ ಹೊಳೆಯುವ ಬಿಳಿ ನಕ್ಷತ್ರ ಅಭಿಜಿತ್ ಕಡೆಗೆ ದಾರಿಯ ಮೂರರಲ್ಲೊಂದು ಭಾಗ ಸಾಗಿ. ಒಡೆದ ಬಳೆಯ ತುಂಡಿನಂತೆ ಏಳು ನಕ್ಷತ್ರಗಳಿವೆ. ಅದೇ ಉತ್ತರ ಕಿರೀಟ. ಅದರ ಪೂರ್ವದ ತುದಿಯ ಬಳಿ, ಬಾಗಿನ ಹೊರಗೆ ಈಗ ಬರಿಗಣ್ಣಿಗೆ ಏನೂ ಕಾಣದು. ಸಿಡಿದಾಗ ಅಲ್ಲಿ ಧ್ರುವ ನಕ್ಷತ್ರದಷ್ಟು ಹೊಳಪಿನ ಚುಕ್ಕಿ ಇರಬಹುದು. ಅಷ್ಟು ಹೊಳಪಿದ್ದರೆ ಊರಿನ ದೀಪಗಳ ನಡುವೆಯೂ ಕಾಣುತ್ತದೆ, ಆಲಮಟ್ಟಿಯ ಹಿನ್ನೀರಿನವರೆಗೆ ಹೋಗಲೇಬೇಕೆಂದಿಲ್ಲ. ಆದರೆ ಉಳಿದ ಆರೇಳು ಮಂದ ನಕ್ಷತ್ರಗಳನ್ನು ಗುರುತಿಸಿ ಅಭ್ಯಾಸವಾಗಲು ಕತ್ತಲೆ ಬೇಕು, ಅದಕ್ಕೆ ಹೊಲವೇ ಸರಿ.

ಮೇ ತಿಂಗಳ ನಡುರಾತ್ರಿ ಕಿರೀಟ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕಿರುತ್ತದೆ. ಸೆಕೆಗೆ ಹೇಗೂ ಮಾಳಿಗೆಯ ಮೇಲೆ ಮಲಗುವ ಕಾಲವದು. ಅಕ್ಟೋಬರ್‌ನಲ್ಲಿ ಕತ್ತಲಾಗುತ್ತಿದ್ದಂತೆ ಪಶ್ಚಿಮದಲ್ಲಿ ಹುಡುಕಿ.

ಬರಿಗಣ್ಣಿಗೆ ಕಾಣುವುದು ಕೆಲವೇ ದಿನ, ಒಂದು ವಾರವೂ ಆಗಲಿಕ್ಕಿಲ್ಲ. ಆಮೇಲೆ ದುರ್ಬೀನು ಬೇಕು. ಮಳೆಗಾಲದಲ್ಲಿ ಸಿಡಿದರೆ? ಮಳೆ ಹೆಚ್ಚಿರುವ ಖಾನಾಪುರದವರಿಗೆ ಕಷ್ಟ. ವಿಜಯಪುರದ ಮೋಡ ಅಷ್ಟು ದಟ್ಟವಲ್ಲ, ನಡುವೆ ಕಿಂಡಿ ಬಿಡುತ್ತದೆ. ಮಳೆಗಾಗಿ ಗೊಣಗುವ ನಮಗೆ ಆ ವಾರ ಮಾತ್ರ ಅದೇ ಲಾಭ.